ನೊಗದ ಹೊಸ್ತಿಲು

ನಮ್ಮ ಮನೆ ಒಡೆದದ್ದು ಹೆಂಗಸರ ದೆಸೆಯಿಂದ ಎಂದು ನಮ್ಮ ಓಣಿಯಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಹೇಳಲಿ, ಸುಳ್ಳೇನಲ್ಲ. ಒಡೆದವಳು ನಮ್ಮವ್ವ. ಹುಲಿಗಿಯ ಹೊಳೆದಂಡೆಯಲ್ಲಿ, ಹಾಡಹಗಲು, ನಾಲ್ಕು ಮಂದಿ ನೋಡುತ್ತಿರುವಾಗಲೇ ಮೂರು ಕಲ್ಲು ಹೂಡಿ ಒಡೆದಳು. ಈ ಮಾತನ್ನು ನನ್ನ ಮುಂದೆ ಆಡುವವರು ದನಿ ತಗ್ಗಿಸಿ ಆಡುತ್ತಾರೆ, ನಾನು ತಲೆ ತಗ್ಗಿಸಲಿ ಎಂದು. ನಾನು ಯಾಕೆ ತಗ್ಗಿಸಲಿ? ಆ ದಿನ ಆ ಬಂಡಿಯಲ್ಲಿ ನಾನೂ ಇದ್ದೆ. ಆ ಮೂರು ಕಲ್ಲುಗಳನ್ನು ಹೊತ್ತು ತಂದವಳೂ ನಾನೇ.

ಕೊಪ್ಪಳದ ಕೋಟೆಗುಡ್ಡದ ಕೆಳಗೆ ನಮ್ಮದು ಬಡಿಗೇರ ಮನೆ. ಪಡಸಾಲೆಯೇ ಕಾರ್ಖಾನೆ. ಗಳೆ, ಕುಂಟೆ, ಗಾಲಿ, ಬಾಗಿಲು ಎಂದು ರೈತರು ಬೆಳಗಿನಿಂದ ಬಂದು ಕೂಡುತ್ತಿದ್ದರು. ದೊಡ್ಡಪ್ಪ ಹೊರಸಿನ ಮೇಲೆ ಕೂತು ಅವರ ಜತೆ ಮಾತಾಡುತ್ತಿದ್ದ, ಅಪ್ಪ ನೆಲಕ್ಕೆ ಕೂತು ಉಳಿ ಹೊಡೆಯುತ್ತಿದ್ದ. ಅಣ್ಣನದು ಬಾಯಿ, ತಮ್ಮನದು ಕೈ ಎಂದು ಓಣಿಯವರು ನಗೆಯಾಡುತ್ತಿದ್ದರು. ಒಳಗೂ ಅದೇ ಲೆಕ್ಕ. ಅಡುಗೆಮನೆಯ ಒಲೆ ದೊಡ್ಡವ್ವನದು, ಅದರ ಮುಂದೆ ಕೂತು ಬೇಯುವ ಕೆಲಸ ಅವ್ವನದು. ಹಿಟ್ಟು ಬೀಸುವವಳು, ರೊಟ್ಟಿ ಬಡಿಯುವವಳು, ಕುಳ್ಳು ತಟ್ಟುವವಳು ಅವ್ವ. ಬುಟ್ಟಿಯಿಂದ ರೊಟ್ಟಿ ತೆಗೆದು ಯಾರಿಗೆ ಬಿಸಿಯದು, ಯಾರಿಗೆ ನಿನ್ನೆಯದು ಎಂದು ತೀರ್ಮಾನಿಸಿ ತಾಟಿಗೆ ಹಾಕುವವಳು ದೊಡ್ಡವ್ವ. ತುಪ್ಪದ ಗಿಂಡಿ ದೊಡ್ಡಪ್ಪನ ಮಕ್ಕಳ ತಾಟಿನ ಮೇಲೆ ಹಾಡುತ್ತಾ ಬರುತ್ತಿತ್ತು, ನನ್ನ ತಾಟಿನ ಹತ್ತಿರ ಬಂದಾಗ ಅದಕ್ಕೆ ಗಂಟಲು ಕಟ್ಟುತ್ತಿತ್ತು. ಅವ್ವ ಯಾವಾಗ ಉಣ್ಣುತ್ತಿದ್ದಳೋ ನನಗೆ ಗೊತ್ತಿಲ್ಲ. ಅವಳು ಉಣ್ಣುವುದನ್ನು ನಾನು ನೋಡಿಯೇ ಇರಲಿಲ್ಲ.

ನಮ್ಮಲ್ಲಿ ಗಂಡನ ಅಣ್ಣನ ಎದುರು ನಿಂತು ಸೊಸೆ ಮಾತಾಡುವ ಪದ್ಧತಿ ಇರಲಿಲ್ಲ. ಏನಾದರೂ ಹೇಳಲೇಬೇಕಾದರೆ ನಡುವೆ ಒಂದು ಮಗುವನ್ನು ನಿಲ್ಲಿಸಿಕೊಳ್ಳಬೇಕು. ಆ ಮಗು ನಾನು. ಅವ್ವ ಬಾಗಿಲ ಹಿಂದೆ ನಿಂತು, ಕಾಳಿ, ನಿಮ್ಮ ದೊಡ್ಡಪ್ಪಗ ಹೇಳು, ಎನ್ನುತ್ತಿದ್ದಳು. ದೊಡ್ಡಪ್ಪನಿಗೆ ಎಲ್ಲವೂ ಕೇಳಿರುತ್ತಿತ್ತು. ಆದರೂ ನಾನು ಬಾಯಿಬಿಡುವವರೆಗೆ ಗೋಡೆ ನೋಡುತ್ತಾ ಕೂತಿರುತ್ತಿದ್ದ. ಆಮೇಲೆ, ಏ ಕಾಳಿ, ನಿಮ್ಮವ್ವಗ ಹೇಳು, ಎಂದು ಉತ್ತರ ಕೊಡುತ್ತಿದ್ದ. ಆ ಉತ್ತರ ಹೆಚ್ಚಾಗಿ ಬ್ಯಾಡ ಎಂದೇ ಇರುತ್ತಿತ್ತು. ನನ್ನ ಬಾಲ್ಯದ ಅರ್ಧ ಹೀಗೆ ಬ್ಯಾಡ ಎಂಬ ಮಾತನ್ನು ಪಡಸಾಲೆಯಿಂದ ಅಡುಗೆಮನೆಗೆ ಹೊತ್ತು ಹಾಕುವುದರಲ್ಲೇ ಕಳೆಯಿತು.

ಒಂದು ಚಳಿಗಾಲ ನನಗೆ ಎದೆ ಕಟ್ಟಿತು. ಉಸಿರು ಸಿಳ್ಳೆ ಹೊಡೆಯುತ್ತಿತ್ತಂತೆ. ಎಕ್ಕೆಯ ಎಲೆಯನ್ನು ಕೆಂಡದ ಮೇಲೆ ಬೆಚ್ಚಗೆ ಮಾಡಿ ಎದೆಗೆ ಇಟ್ಟರೆ ಕಫ ಸಡಿಲಾಗುತ್ತದೆಂದು ಅವ್ವ ಎಲೆ ಹರಿದುಕೊಂಡು ಬಂದಳು. ಆಗಷ್ಟೇ ಹೊತ್ತು ಮುಳುಗಿತ್ತು. ದೊಡ್ಡವ್ವ ಒಲೆಗೆ ಬೂದಿ ಮುಚ್ಚಿ ಅದರ ಮುಂದೆ ಕೂತಿದ್ದಳು. ಅವ್ವ ಒಂದು ಹಿಡಿ ಕೆಂಡ ಕೇಳಿದ್ದಕ್ಕೆ ಆಕೆ ಹೇಳಿದ್ದು ಇಷ್ಟು:

"ಹೊತ್ತು ಮುಳುಗಿದ ಮ್ಯಾಲೆ ಒಲಿ ಕೆದಕಬಾರದು. ಹುಡುಗಿಗೇನಾಗೇತಿ, ನಾಳಿಗಿ ತಾನ ಇಳಿತೈತಿ."

ಅವ್ವ ಆ ಎಲೆಗಳನ್ನು ತನ್ನ ಹೊಟ್ಟೆಗೆ ಅವುಚಿ ಬೆಚ್ಚಗೆ ಮಾಡಿ ನನ್ನ ಎದೆಗೆ ಇಟ್ಟಳಂತೆ. ಎಲೆ ಎಷ್ಟು ಬೆಚ್ಚಗಾಯಿತೋ, ನಾನಂತೂ ಉಳಿದೆ. ಆದರೆ ಅವತ್ತೇ ಅವ್ವ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದಳು. ಮಗಳು ಬದುಕಿದರೆ ನಿನ್ನ ಸನ್ನಿಧಿಯಲ್ಲಿ ನನ್ನದೇ ಒಲೆ ಹೂಡಿ, ನನ್ನ ಕೈಯಾರೆ ಹೋಳಿಗೆ ಮಾಡಿ ಎಡೆ ಹಿಡಿಯುತ್ತೇನೆ ಎಂದು. ದೇವಿಗೆ ಹೋಳಿಗೆಯ ಹರಕೆ ಹೊರುವವರು ಬೇಕಾದಷ್ಟು ಮಂದಿ. ನನ್ನದೇ ಒಲೆ ಎಂದು ಹೊತ್ತವಳು ನಮ್ಮವ್ವ ಒಬ್ಬಳೇ ಇರಬೇಕು. ನಾನು ಈ ಮಾತನ್ನು ಪಡಸಾಲೆಗೆ ಹೊತ್ತುಕೊಂಡು ಹೋದಾಗ ದೊಡ್ಡಪ್ಪನ ಮುಖ ಗಂಟಾಯಿತು. ಹೋಳಿಗೆ ಮನೆಯ ಒಲೆಯ ಮೇಲೇ ಆಗುತ್ತದೆ, ದೊಡ್ಡವ್ವನೇ ಮಾಡುತ್ತಾಳೆ, ಒಂದು ಮನೆಯವರದು ಎರಡು ಹೊಗೆ ಏಳಬಾರದು, ಎದ್ದರೆ ಮನೆ ಎರಡಾದಂತೆ, ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಕಡೆ ಆಸ್ತಿ ಹಂಚುವ ಮೊದಲು ಒಲೆ ಹಂಚುತ್ತಾರೆ. ಒಲೆ ಬೇರೆಯಾದ ದಿನವೇ ಅಣ್ಣತಮ್ಮಂದಿರು ಬೇರೆಯಾದ ದಿನ.

ಹರಕೆ ಹಾಗೇ ಉಳಿಯಿತು. ನಾನು ಓಡಾಡಿ ಬೆಳೆದೆ, ಹರಕೆ ಮಾತ್ರ ಅವ್ವನ ಹೊಟ್ಟೆಯಲ್ಲಿ ಕೂತೇ ಇತ್ತು. ನನಗೆ ಸಣ್ಣ ಕೆಮ್ಮು ಬಂದರೂ ಅವಳು ಗಾಬರಿಯಾಗಿ ಹುಲಿಗಿ ದಿಕ್ಕಿಗೆ ಕೈ ಮುಗಿಯುತ್ತಿದ್ದಳು. ಅಪ್ಪ ಇದನ್ನೆಲ್ಲ ನೋಡುತ್ತಿದ್ದ. ಅಣ್ಣನಿಗೆ ಎದುರಾಡಿ ಅವನಿಗೆ ಗೊತ್ತಿರಲಿಲ್ಲ. ಅಪ್ಪನಿಗೆ ಏನಾದರೂ ಹೇಳುವುದಿದ್ದರೆ ಅದು ಕಟ್ಟಿಗೆಯಲ್ಲೇ ಬರಬೇಕು.

ಬಂತು. ದೌರೆಯ ಮೇಲೆ ಊರೂರು ತಿರುಗುತ್ತಾ ಬಂದ ಒಬ್ಬ ಸರ್ಕಾರಿ ಸಾಹೇಬರ ಡೇರೆ ಊರ ಹೊರಗೆ ಬಿದ್ದಾಗ, ಮುರಿದ ಮಂಚ ರಿಪೇರಿಗೆ ಅಪ್ಪನನ್ನು ಕರೆಸಿದರು. ಮಡಚುವ ಮಂಚ, ಮಡಚುವ ಮೇಜು, ಮಡಚುವ ಕುರ್ಚಿ. ಇಡೀ ಕಚೇರಿ ಬೆಳಿಗ್ಗೆ ಮಡಚಿಕೊಂಡು ಬಂಡಿಯಲ್ಲಿ ಮಲಗಿ, ಸಂಜೆ ಇನ್ನೊಂದು ಊರಲ್ಲಿ ಎದ್ದು ನಿಲ್ಲುತ್ತಿತ್ತು. ಅಪ್ಪ ಮನೆಗೆ ಬಂದವನೇ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆಯತೊಡಗಿದ. ಮರುದಿನದಿಂದ ಹಿತ್ತಲಲ್ಲಿ ಒಂದು ಬಂಡಿ ಏಳತೊಡಗಿತು. ಅದರ ಎಡಬಲದ ಹಲಗೆಗಳಿಗೆ ಬಿಜಾಗರಿ ಹಾಕಿದ್ದ. ಕೀಲು ತೆಗೆದರೆ ಹಲಗೆಗಳು ಹೊರಕ್ಕೆ ಬಿದ್ದು, ಕೆಳಗೆ ಕಾಲು ಕೊಟ್ಟರೆ ಮಲಗುವ ಅಟ್ಟವಾಗುತ್ತಿದ್ದವು. ಬಗ್ಗಿಸಿದ ಬಿದಿರು ಎಬ್ಬಿಸಿದರೆ ಚಾವಣಿ. ಎದುರುಮನೆಯ ಹುಸೇನಕಾಕಾ ಡೇರೆ ಹೊಲಿಯುವ ಕಸಬಿನವನು. ಅವನು ಹಳೆಯ ಡೇರೆಬಟ್ಟೆ ಕೂಡಿಸಿ ಮೇಲುಹೊದಿಕೆ ಹೊಲಿದುಕೊಟ್ಟ. ಅದು ಬಂಡಿಯ ಹಿಂದೆ ನೆಲದವರೆಗೂ ಇಳಿದು, ಒಬ್ಬ ಹೆಂಗಸು ಕೂತು ಅಡುಗೆ ಮಾಡುವಷ್ಟು ಜಾಗ ಮರೆಮಾಡುತ್ತಿತ್ತು. ಆ ಜಾಗದ ಬಾಯಿಗೆ ಅಪ್ಪ ಎರಡು ನಿಲುವು ನಿಲ್ಲಿಸಿ ಮೇಲೊಂದು ಅಡ್ಡಪಟ್ಟಿ ಕೂಡಿಸಿದ. ಹೊಸ ಬಂಡಿಗೆ ನೊಗ ಮಾತ್ರ ಹಳೆಯದು, ಎತ್ತುಗಳ ಹೆಗಲಿಗೆ ಒಗ್ಗಿದ್ದು.

ದೊಡ್ಡಪ್ಪ ಒಂದು ದಿನ ಹಿತ್ತಲಿಗೆ ಬಂದು ಇದನ್ನು ಸುತ್ತುಹಾಕಿ ನೋಡಿದ. ಏನಿದು ಎಂದ. ಬಂಡಿ, ಹಳ್ಳಿಗೆ ಕೆಲಸಕ್ಕೆ ಹೋದಾಗ ಮಲಗಲು ಬೇಕು ಎಂದ ಅಪ್ಪ. ಮನೆ ಇದ್ದಂತೆ ಕಾಣುತ್ತದಲ್ಲ ಎಂದು ದೊಡ್ಡಪ್ಪ ಹುಬ್ಬು ಗಂಟಿಕ್ಕಿದಾಗ ಅಪ್ಪ ತಲೆ ಎತ್ತದೆ ಕೇಳಿದ:

"ಹೊಸ್ತಿಲಾ ಎಲ್ಲೈತಿ, ಅಣ್ಣಾ?"

ಬಡಿಗೇರ ಮನೆಯಲ್ಲಿ ಆ ಮಾತಿಗೆ ಎದುರಿಲ್ಲ. ಹೊಸ್ತಿಲು ಕೂಡಿಸಿ, ಅರಿಸಿನ ಕುಂಕುಮ ಏರಿಸಿ, ಕಾಯಿ ಒಡೆದ ಮೇಲೇ ನಮಗೆ ಅದು ಮನೆ. ಅಲ್ಲಿಯವರೆಗೆ ಗೋಡೆ ಎಷ್ಟೇ ಎತ್ತರಕ್ಕೆ ಏರಿದ್ದರೂ ಅದು ಬರೀ ಮಣ್ಣು. ಅಪ್ಪ ತನ್ನ ಜನ್ಮದಲ್ಲಿ ಹೊಸ್ತಿಲಿಲ್ಲದ ಚೌಕಟ್ಟು ಮಾಡಿದವನಲ್ಲ. ಇದಕ್ಕೆ ಮರೆತನೋ, ಬೇಕೆಂದೇ ಬಿಟ್ಟನೋ ಎಂದು ಆಮೇಲೆ ಎಷ್ಟೋ ಸಲ ಕೇಳಿದೆ, ಅವನು ಹೇಳಲಿಲ್ಲ. ದೊಡ್ಡಪ್ಪ ನಕ್ಕ. ಅವನಿಗೂ ಅದು ಮೆಚ್ಚಿಗೆಯಾಗಿರಬೇಕು, ಬರುವ ಹುಣ್ಣಿಮೆಗೆ ಎಲ್ಲರೂ ಹುಲಿಗಿಗೆ ಹೋಗೋಣ, ಹೊಸ ಬಂಡಿಯೂ ದೇವಿಯ ಮುಂದೆ ನಿಂತು ಬರಲಿ ಎಂದ. ಹೋಳಿಗೆ ದೊಡ್ಡವ್ವನದೇ ಎಂದೂ ಸೇರಿಸಿದ.

ಹೊರಡುವ ಮುನ್ನಾದಿನ ಅವ್ವನ ತವರಾದ ಹನುಮಸಾಗರದಿಂದ ಯಾರೋ ಬಂದು ಒಂದು ಗಂಟು ಕೊಟ್ಟು ಹೋದರು. ಕಡಲೆಬೇಳೆ, ಬೆಲ್ಲ, ಗೋದಿಹಿಟ್ಟು, ತುಪ್ಪ, ಒಂದು ಹೊಸ ಗಡಿಗೆ. ಅವ್ವ ಅದನ್ನು ಬಂಡಿಯಲ್ಲಿದ್ದ ಎತ್ತಿನ ಮೇವಿನ ಕೆಳಗೆ ಇಟ್ಟಳು. ನಾನು ನೋಡಿದೆ. ನೋಡಿದ್ದನ್ನು ಅವಳೂ ನೋಡಿದಳು. ಅಂದು ಮೊದಲ ಬಾರಿಗೆ ನಾನು ಒಂದು ಮಾತನ್ನು ಪಡಸಾಲೆಗೆ ಹೊತ್ತುಕೊಂಡು ಹೋಗಲಿಲ್ಲ.

ಮಬ್ಬುಗತ್ತಲಲ್ಲಿ ಹೊರಟೆವು. ಮುಂದೆ ಹಳೆಯ ಬಂಡಿಯಲ್ಲಿ ದೊಡ್ಡಪ್ಪ, ದೊಡ್ಡವ್ವ, ಅವರ ಮಕ್ಕಳು. ಹಿಂದೆ ನಾವು. ಅಪ್ಪನ ತಾಯಿ, ನಮ್ಮ ಆಯಿ, ಮೊಣಕಾಲು ನೋವೆಂದು ನಮ್ಮ ಬಂಡಿಯ ಅಗಲವಾದ ಹಲಗೆಯೇ ಇರಲಿ ಎಂದು ಹತ್ತಿದ್ದಳು. ಗಿಣಿಗೇರಿ ದಾಟುವಷ್ಟರಲ್ಲಿ ಬಿಸಿಲು ಬಿತ್ತು. ಪ್ರತಿ ತಗ್ಗಿಗೂ ಕೀಲುಗಳೆಲ್ಲ ಗಡಗಡ ಎನ್ನುತ್ತಿದ್ದವು. ಆಯಿ ಪ್ರತಿ ಸಲವೂ, ಮನಿ ಬಿತ್ತು, ಎಂದು ನಗುತ್ತಿದ್ದಳು. ದಾರಿಯಲ್ಲಿ ಎದುರಾದವರು ಅಪ್ಪನಿಗೆ, ಇದೆಂಥಾ ಬಂಡಿರಿ, ಎಂದು ಕೇಳಿದಾಗಲೆಲ್ಲ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಅವ್ವ ಸೆರಗಿನ ಸಂದಿಯಿಂದ ಹೊಲ ನೋಡುತ್ತಾ ಕೂತಿದ್ದಳು. ಅವಳ ಕಾಲು ಮೇವಿನ ಮೇಲೇ ಇತ್ತು.

ಹೊಳೆದಂಡೆಯಲ್ಲಿ ಅಪ್ಪ ಬಂಡಿ ಬಿಟ್ಟು, ಎತ್ತು ಕಟ್ಟಿ, ಕೀಲು ತೆಗೆದ. ಹಲಗೆಗಳು ಬಿದ್ದವು, ಬಿದಿರು ಎದ್ದಿತು, ಬಟ್ಟೆ ಹರಡಿತು. ಮೀಯಲು ಬಂದವರು ಮೀಯುವುದನ್ನು ಬಿಟ್ಟು ಸುತ್ತ ನೆರೆದರು. ಯಾವ ಸಾಹೇಬರು ಬಂದಾರ ಎಂದು ಒಬ್ಬ ಕೇಳಿದ್ದಕ್ಕೆ ಆಯಿ, ಅವರು ಒಳಗ ಸೀರಿ ಉಡಾಕತ್ತಾರ, ಎಂದಳು. ದೊಡ್ಡಪ್ಪ ಗುರುತಿನವರೊಬ್ಬರ ಕಟ್ಟೆಯ ಮೇಲೆ ಜಾಗ ಮಾಡಿಸಿದ. ದೊಡ್ಡವ್ವ ಅಲ್ಲಿ ಒಲೆ ಹೂಡಿ, ಅವ್ವನಿಗೆ ಕಣಕ ನಾದಲು ಬರಹೇಳಿದಳು. ಅವ್ವ ಹೋಗಲಿಲ್ಲ. ಮೂರು ಕಲ್ಲು ತಾ ಎಂದು ನನಗೆ ಹೇಳಿದಳು. ಹೊಳೆಯ ನುಣುಪು ಕಲ್ಲು, ಹೊಟ್ಟೆಗೆ ಅವುಚಿಕೊಂಡು ಒಂದೊಂದಾಗಿ ತಂದೆ. ಅವ್ವ ಬಟ್ಟೆಯ ಮರೆಯಲ್ಲಿ ಅವನ್ನು ಹೂಡಿ, ಮೇವಿನ ಕೆಳಗಿನ ಗಂಟನ್ನು ಬಿಚ್ಚಿದಳು.

ದೊಡ್ಡಪ್ಪ ಬಂದ. ಅವನ ಹಿಂದೆ ದೊಡ್ಡವ್ವ. ಅವನು ಕಲ್ಲು ನೋಡಿದ, ಗಡಿಗೆ ನೋಡಿದ, ಆಮೇಲೆ ನನ್ನನ್ನು ನೋಡಿದ.

"ಏ ಕಾಳಿ, ನಿಮ್ಮವ್ವಗ ಹೇಳು. ಇದು ಬಂಡಿ. ಹೊಸ್ತಿಲಾ ಇಲ್ಲದ ಜಾಗಾದಾಗ ಬೇಸಿದ ಎಡಿ ದೇವರಿಗೆ ನಡಿಯಾಂಗಿಲ್ಲ. ಕಲ್ಲು ತಗದು ಆ ಒಲಿಗೆ ಬಾ ಅನ್ನು."

ನಾನು ತಿರುಗುವಷ್ಟರಲ್ಲಿ ಅವ್ವ ಎದ್ದಿದ್ದಳು. ಬಂಡಿಯ ಮುಂದಕ್ಕೆ ಹೋಗಿ ನೊಗದ ಹಗ್ಗ ಬಿಚ್ಚತೊಡಗಿದಳು. ಬೆವರು ಕುಡಿದು ಗಟ್ಟಿಯಾದ ಗಂಟು, ಹಲ್ಲಿನಿಂದ ಕಚ್ಚಿ ಬಿಡಿಸಿದಳು. ನೊಗವನ್ನು ಎಳೆದುಕೊಂಡು ಉಸುಕಿನಲ್ಲಿ ಬರುವಾಗ ಯಾರೂ ಕೈ ಹಚ್ಚಲಿಲ್ಲ. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಅದನ್ನು ಎರಡು ನಿಲುವುಗಳ ನಡುವೆ ಅಡ್ಡ ಇಟ್ಟೆವು. ಹೆಣ್ಣುಮಕ್ಕಳು ನೊಗ ದಾಟಬಾರದು, ಎತ್ತಿಗೆ ಕೆಡುಕು, ಎಂದು ದೊಡ್ಡವ್ವ ಕೂಗಿದಳು. ನಾನು ಎಂದಿನಂತೆ ಅವ್ವ ಮತ್ತು ದೊಡ್ಡಪ್ಪನ ನಡುವೆ ಬಂದು ನಿಂತೆ. ಅವ್ವ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ಸೆರಗು ತಲೆಯ ಮೇಲೇ ಇತ್ತು, ದನಿ ಮಾತ್ರ ಅವಳದೇ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಭಾವಾರ, ಹೊಸ್ತಿಲಾ ಇಲ್ಲ ಅಂದ್ರಿ. ಇದ ನನ್ನ ಹೊಸ್ತಿಲಾ. ಇನ್ನ ಏನ ಹೇಳೂದೈತಿ, ನನಗ ಹೇಳ್ರಿ."

ದೊಡ್ಡಪ್ಪ ಅವಳಿಗೆ ಹೇಳಲಿಲ್ಲ. ಅವನಿಗೆ ಆಗಲಿಲ್ಲ. ತಮ್ಮನ ಕಡೆ ತಿರುಗಿ, ಬಂಡಿಯೋ ಮನೆಯೋ ನೀನೇ ಹೇಳು ಎಂದ. ಅಪ್ಪ ಒಂದು ಮಾತು ಬಂಡಿ ಎಂದಿದ್ದರೆ ಸಾಕಿತ್ತು, ಕಲ್ಲು ಹೊಳೆಗೆ ಹೋಗುತ್ತಿದ್ದವು, ಅವ್ವ ಬದುಕಿರುವವರೆಗೂ ಬಾಗಿಲ ಹಿಂದೆಯೇ ಇರುತ್ತಿದ್ದಳು. ಅಪ್ಪ ಯಾರ ಮುಖವನ್ನೂ ನೋಡದೆ ತನ್ನ ಚೀಲ ತಂದ. ಮೊಣಕಾಲೂರಿ ನೊಗದ ಕೆಳಗಿನ ಉಸುಕು ಸವರಿದ. ಒಂದು ಕಣ್ಣು ಮುಚ್ಚಿ ಮಟ್ಟ ನೋಡಿದ. ಎರಡೂ ನಿಲುವಿಗೆ ತೋಡು ಕೊರೆದು, ನೊಗದ ತುದಿಗಳನ್ನು ಕೂಡಿಸಿ, ಬೆಣೆ ಇಟ್ಟು ಕೊಡತಿಯಿಂದ ಹೊಡೆದ. ಯಾವ ಊರಲ್ಲಿ ಯಾರ ಮನೆಯ ಹೊಸ್ತಿಲನ್ನು ಕೂಡಿಸುವಾಗಲೂ ಹೊಡೆಯುವ ಹಾಗೆಯೇ, ಅವಸರವಿಲ್ಲದೆ ಹೊಡೆದ. ಆಮೇಲೆ ಎದ್ದು ಕೈ ಒರೆಸಿಕೊಂಡ.

"ಮನಿ, ಅಣ್ಣಾ."

ಅಪ್ಪ ಅಣ್ಣನಿಗೆ ಎದುರಾಡಿದ್ದು ಅದೊಂದೇ ಮಾತು. ನನಗೆ ಅದು ಸಾಕು. ಹಲಗೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ ಆಯಿ ಆಗ ಕೆಳಗಿಳಿದು, ಸುತ್ತು ಬಳಸಿ ಬಾಗಿಲ ಮುಂದೆ ಬಂದು ನಿಂತಳು. ದೊಡ್ಡವ್ವ ಮತ್ತೆ, ನೊಗಾ ದಾಟಬ್ಯಾಡ್ರಿ ಅತ್ತಿ, ಎಂದಳು.

"ಜಲ್ಮೆಲ್ಲಾ ಹೆಗಲ ಮ್ಯಾಲೆ ಹೊತ್ತಾಕಿ ನಾ. ದಾಟೂದೇನು ದೊಡ್ಡ ಮಾತು. ಕೈ ಹಿಡಿ, ಕಾಳಿ."

ಬಲಗಾಲಿಟ್ಟು ದಾಟಿದಳು. ಒಳಗೆ ಕೂತು, ಹಸಿವಾಗಿದೆ ಎಂದಳು. ಅವ್ವ ನೊಗಕ್ಕೆ ಅರಿಸಿನ ಹಚ್ಚಿ ಕುಂಕುಮ ಇಟ್ಟಳು. ಹೊಸ ಗಡಿಗೆಯಲ್ಲಿ ಹಾಲು ಉಕ್ಕಿಸಿದಳು. ಅದು ಉಕ್ಕಿ ಕಲ್ಲಿನ ಮೇಲೆ ಚುರ್ ಎಂದಾಗ ದೊಡ್ಡಪ್ಪ ಬೆನ್ನು ತಿರುಗಿಸಿದ. ಇದೇ ನಿಮ್ಮ ಮನೆಯಾದರೆ ಕೊಪ್ಪಳದ್ದು ನಮ್ಮ ಮನೆ, ಅಲ್ಲಿ ನಿಮಗೆ ಕೆಲಸವಿಲ್ಲ, ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೋದ. ಅವತ್ತು ದಂಡೆಯ ಮೇಲೆ ನಮ್ಮ ಮನೆಯವರದು ಎರಡು ಹೊಗೆ ಎದ್ದವು. ಹುಲಿಗೆಮ್ಮ ಎರಡೂ ಕಡೆಯ ಹೋಳಿಗೆಯನ್ನು ಬೇಡವೆನ್ನಲಿಲ್ಲ. ಎಡೆ ಹಿಡಿದು ಬಂದ ಮೇಲೆ ಅವ್ವ ನನ್ನ ಹೋಳಿಗೆಯ ಮೇಲೆ ತುಪ್ಪ ಸುರಿದಳು, ಸಾಕು ಎಂದರೂ ಸುರಿದಳು. ಆಮೇಲೆ ನನ್ನ ಎದುರಿಗೆ ಕೂತು, ಹಗಲಿನ ಬೆಳಕಿನಲ್ಲಿ, ತಾನೂ ಉಂಡಳು. ಅವಳು ಎಡದವಡೆಯಲ್ಲಿ ಅಗಿಯುತ್ತಾಳೆಂದು ನನಗೆ ಗೊತ್ತಾದದ್ದು ಆವತ್ತು.

ಮರುದಿನ ಬೆಳಿಗ್ಗೆ ಬಂಡಿ ಹೂಡಲು ನೊಗವಿಲ್ಲ. ಕೂಡಿಸಿದ ಹೊಸ್ತಿಲನ್ನು ಕಿತ್ತು ಎತ್ತಿನ ಹೆಗಲಿಗೆ ಹಾಕುವುದಿಲ್ಲ ಎಂದ ಅಪ್ಪ. ದಂಡೆಯ ಹತ್ತಿರದ ರೈತನೊಬ್ಬನನ್ನು ಕೇಳಿ ಒಂದು ಜಾಲಿಯ ಕೊಂಬೆ ಕಡಿದು, ಮಧ್ಯಾಹ್ನದವರೆಗೆ ಕೂತು ಹೊಸ ನೊಗ ಕೆತ್ತಿದ. ಹಳೆಯದು ನಿಲುವುಗಳ ಸಮೇತ ಬಂಡಿಯ ಒಳಗೆ ಆಯಿಯ ಪಕ್ಕ ಮಲಗಿ ಬಂತು. ಕೊಪ್ಪಳ ಮುಟ್ಟಿದಾಗ ದೊಡ್ಡಪ್ಪನ ಬಾಗಿಲು ಹಾಕಿತ್ತು. ಅಪ್ಪ ಅದನ್ನು ಬಡಿಯಲಿಲ್ಲ. ಎದುರಿಗೆ, ಹುಸೇನಕಾಕಾನ ಮನೆಯ ಪಕ್ಕದ ಖಾಲಿ ಜಾಗದಲ್ಲಿ, ಅವನನ್ನು ಒಂದು ಮಾತು ಕೇಳಿ ಬಂಡಿ ಬಿಚ್ಚಿ ಹರಡಿದ. ಓಣಿಯೆಲ್ಲ ನಿಂತು ನೋಡಿತು. ಬಯಲಿನಲ್ಲಿ ಸಂಸಾರ ಮಾಡುತ್ತಾರೆ, ನಾಚಿಕೆಯಿಲ್ಲ ಎಂದರು. ಅವ್ವ ಅವರ ಎದುರಿಗೇ ರೊಟ್ಟಿ ಬಡಿದಳು. ದೊಡ್ಡದಾಗಿ ಸಪ್ಪಳ ಬರುವ ಹಾಗೆ ಬಡಿದಳು ಎಂದೇ ನನ್ನ ನಂಬಿಕೆ. ಆ ಬಂಡಿಯಲ್ಲಿ ನಾವು ಬೇಸಿಗೆ ಕಳೆದೆವು. ನಿಧಾನವಾಗಿ ಸುತ್ತ ಮಣ್ಣಿನ ಗೋಡೆ ಎದ್ದಿತು. ಬಂಡಿಯ ಹಲಗೆ ಬಾಗಿಲಾಯಿತು. ನೊಗ ತನ್ನ ಜಾಗದಲ್ಲೇ ಉಳಿಯಿತು, ಎತ್ತಿನ ಹೆಗಲು ತಿಕ್ಕಿ ನುಣುಪಾದ ಎರಡು ತಗ್ಗುಗಳ ಸಮೇತ. ಆಯಿ ಎರಡೂ ಮನೆಯಲ್ಲಿ ಉಣ್ಣುತ್ತಿದ್ದಳು, ಎಲ್ಲಿ ಪಲ್ಯ ಚೆನ್ನಾಗಿದೆಯೋ ಅಲ್ಲಿ ಒಂದು ರೊಟ್ಟಿ ಹೆಚ್ಚು.

ದೇಶದೇಶಗಳ ಲಡಾಯಿಯ ಕಾಲ ಬಂತು. ಕಡ್ಡಿಪೆಟ್ಟಿಗೆ ಅಂಗಡಿಯಲ್ಲಿ ಸಿಗದಾಯಿತು, ಒಲೆ ಆರಿದರೆ ಪಕ್ಕದ ಮನೆಯ ಕೆಂಡವೇ ಗತಿ. ಜಡಿಮಳೆ ಹಿಡಿದ ಒಂದು ದಿನ ದೊಡ್ಡಪ್ಪನ ಮನೆಯ ಅಡುಗೆಮನೆ ಸೋರಿ ಒಲೆ ನಂದಿತು. ಸಂಜೆ ನಾನು ಬಾಗಿಲಲ್ಲಿ ನಿಂತಿದ್ದಾಗ ಗೋಣಿಚೀಲ ತಲೆಗೆ ಹಾಕಿಕೊಂಡು, ಕೈಯಲ್ಲಿ ಒಡೆದ ಗಡಿಗೆಯ ಒಂದು ಬೋಕಿಬಿಲ್ಲೆ ಹಿಡಿದು ದೊಡ್ಡವ್ವ ಓಣಿ ದಾಟಿ ಬಂದಳು. ಹೊಸ್ತಿಲ ಹೊರಗೆ ನಿಂತು, ಒಳಗೆ ಕೂತ ಅವ್ವನನ್ನು ಬಿಟ್ಟು ನನ್ನನ್ನು ನೋಡಿ ಹೇಳಿದಳು:

"ಕಾಳಿ, ನಿಮ್ಮವ್ವಗ ಹೇಳು. ಒಂದೀಟು ಕೆಂಡಾ ಬೇಕಾಗಿತ್ತು."

ನಾನು ಹೇಳಲಿಲ್ಲ. ಆ ಕೆಲಸ ಬಿಟ್ಟು ನನಗೆ ಬಹಳ ದಿನವಾಗಿತ್ತು. ಸುಮ್ಮನೆ ಬಾಗಿಲಿನಿಂದ ಪಕ್ಕಕ್ಕೆ ಸರಿದೆ. ಅವ್ವ ಒಲೆಯ ಮುಂದಿನಿಂದಲೇ ಮಾತಾಡಿದಳು.

"ಹೊಸ್ತಿಲದ ಹೊರಗ ನಿಂತವರಿಗೆ ಬೆಂಕಿ ಕೊಡಬಾರದ್ರಿ, ಅಕ್ಕಾರ. ಒಳಗ ಬರ್ರಿ."

ದೊಡ್ಡವ್ವ ನೊಗವನ್ನು ನೋಡಿದಳು. ಅದರ ಅರಿಸಿನ, ಅದರ ಎರಡು ತಗ್ಗು, ಅದರ ಮೇಲೆ ಬೀಳುತ್ತಿದ್ದ ಮಳೆ, ಎಲ್ಲವನ್ನೂ ನೋಡಿದಳು. ಆಮೇಲೆ ನಿರಿಗೆ ಎತ್ತಿ, ಬಲಗಾಲು ಮುಂದಿಟ್ಟು ದಾಟಿ ಬಂದಳು. ಆಗ ಹೊತ್ತು ಮುಳುಗಿತ್ತು. ಅವ್ವ ಆ ಹಳೆಯ ಸಂಜೆಯ ಮಾತು ಎತ್ತಲಿಲ್ಲ. ಬೂದಿ ಸರಿಸಿ ಒಲೆ ಕೆದಕಿ, ಇದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡ ಕೆಂಡ ಯಾವುದೋ ಅದನ್ನು ಆರಿಸಿ ಆಕೆಯ ಬೋಕಿಗೆ ಹಾಕಿದಳು.